ಮ್ಯಾಚ್ ನೋಡುವವರು, ನೋಡದವರು, ಕೊನೇ ಓವರ್‌ಗೆ ಎದ್ದು ಹೋಗುವವರು

ಪ್ರಶ್ನೆ: ನಾನು ದಾವಣಗೆರೆಯ ಗೃಹಿಣಿ. ಐಪಿಎಲ್ ಶುರುವಾದರೆ ನಮ್ಮ ಮನೆಯಲ್ಲಿ ಯಜಮಾನರು, ಮಗ ಇಬ್ಬರೂ ಟಿವಿ ಬಿಟ್ಟು ಅಲ್ಲಾಡುವುದಿಲ್ಲ. ಆರ್‌ಸಿಬಿ ಸೋತರೆ ಆ ರಾತ್ರಿ ಅವರಿಗೆ ಊಟ ಸೇರುವುದಿಲ್ಲ. ನನಗೆ ಇದರಲ್ಲಿ ಏನೂ ಅನ್ನಿಸುವುದಿಲ್ಲ, ಐದೇ ನಿಮಿಷಕ್ಕೆ ಆಕಳಿಕೆ ಬರುತ್ತದೆ. ನಮ್ಮ ಮಾವನವರದು ಇನ್ನೊಂದು ಕಥೆ. ಅವರಿಗೆ ಕ್ರಿಕೆಟ್ ಅಂದರೆ ಪ್ರಾಣ. ಆದರೆ ಮ್ಯಾಚ್ ಕೊನೇ ಹಂತಕ್ಕೆ ಬಂತೆಂದರೆ ಎದ್ದು ಹೊರಗೆ ಹೋಗಿಬಿಡುತ್ತಾರೆ, ಎಷ್ಟು ಕರೆದರೂ ಬರುವುದಿಲ್ಲ. ಯಾರೋ ಆಡುವ ಆಟಕ್ಕೆ ಇವರೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳುವುದು ಯಾಕೆ? ಏನೂ ಅನ್ನಿಸದ ನನ್ನಲ್ಲೇ ಏನಾದರೂ ಕೊರತೆ ಇದೆಯಾ? ಮಾವನವರಿಗೆ ಬಿಪಿ ಬೇರೆ ಇದೆ, ಅವರನ್ನು ಹಾಗೇ ಬಿಡಬಹುದಾ?

ಉತ್ತರ: ನಿಮ್ಮಲ್ಲಿ ಯಾವ ಕೊರತೆಯೂ ಇಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ.

ನಿಮ್ಮ ಮನೆಯಲ್ಲಿ ಮ್ಯಾಚ್ ನೋಡದವರು ಇಬ್ಬರಿದ್ದೀರಿ, ನೀವು ಮತ್ತು ನಿಮ್ಮ ಮಾವನವರು. ಹೊರಗಿನಿಂದ ನೋಡಿದವರಿಗೆ ಇಬ್ಬರೂ ಟಿವಿ ಮುಂದೆ ಇಲ್ಲ, ಅಷ್ಟೇ. ಆದರೆ ಇಬ್ಬರ ಕಾರಣ ಪೂರ್ತಿ ಉಲ್ಟಾ. ಆ ಆಟದಲ್ಲಿ ನಿಮಗೆ ಕಳೆದುಕೊಳ್ಳುವಂಥದ್ದು ಏನೂ ಇಲ್ಲ. ಅವರಿಗೆ ಕಳೆದುಕೊಳ್ಳುವುದು ತೀರಾ ಜಾಸ್ತಿ ಇದೆ. ನಿಮ್ಮ ಯಜಮಾನರು, ಮಗ ಈ ಎರಡರ ನಡುವೆ ಕೂತಿದ್ದಾರೆ. ಅವರಿಗೆ ಕಳೆದುಕೊಳ್ಳುವುದಕ್ಕೂ ಇದೆ, ಕಳೆದುಕೊಂಡರೆ ಹೇಗೋ ತಡೆದುಕೊಳ್ಳುವುದಕ್ಕೂ ಆಗುತ್ತದೆ. ಆಟ ನೋಡುವ ಮಜಾ ಸಿಗುವುದು ಈ ನಡುವಿನ ಜಾಗದಲ್ಲಿ ಮಾತ್ರ.

ಒಂದು ಹಳೇ ಮ್ಯಾಚ್ ತಗೊಳ್ಳೋಣ. 1996ರ ಮಾರ್ಚ್ 9, ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣ, ವಿಶ್ವಕಪ್ ಕ್ವಾರ್ಟರ್ ಫೈನಲ್, ಭಾರತಕ್ಕೆ ಎದುರಾಗಿ ಪಾಕಿಸ್ತಾನ. ಭಾರತ 287 ರನ್ ಮಾಡಿತ್ತು. ಆಗಿನ ಕಾಲಕ್ಕೆ ಅದು ದೊಡ್ಡ ಮೊತ್ತವೇ. ಆದರೆ ಸಯೀದ್ ಅನ್ವರ್, ಆಮಿರ್ ಸೊಹೈಲ್ ಶುರುವಿನಲ್ಲೇ ಬಾರಿಸಿದ ರೀತಿಗೆ ಮೈದಾನದ ಸದ್ದಡಗಿತ್ತು. ಅನ್ವರ್ ಔಟಾದ ಮೇಲೂ ಸೊಹೈಲ್ ನಿಲ್ಲಿಸಲಿಲ್ಲ. ವೆಂಕಟೇಶ್ ಪ್ರಸಾದ್ ಹಾಕಿದ ಚೆಂಡನ್ನು ಆಫ್ ಸೈಡಿನಲ್ಲಿ ಬೌಂಡರಿಗೆ ಕಳಿಸಿದರು. ಬ್ಯಾಟನ್ನು ಆ ಕಡೆಗೇ ಚಾಚಿ ತೋರಿಸಿದರು. ಮುಂದಿನದ್ದೂ ಅಲ್ಲಿಗೇ ಅನ್ನುವ ಹಾಗೆ. ಪ್ರಸಾದ್ ತಿರುಗಿ ನಡೆದರು, ಓಡಿ ಬಂದರು, ಹಾಕಿದರು. ಸೊಹೈಲ್ ಮತ್ತೆ ಜೋರಾಗಿ ಬ್ಯಾಟ್ ಬೀಸಿದರು. ಆಫ್ ಸ್ಟಂಪ್ ಎಗರಿತು.

ಆಗ ಟಿವಿ ಮುಂದೆ ಇದ್ದವರು ಇವತ್ತಿಗೂ ಅದನ್ನು ಹೇಳುವಾಗ ಕುರ್ಚಿಯಿಂದ ಅರ್ಧ ಎದ್ದುಬಿಡುತ್ತಾರೆ. ಆದರೆ ಏನೂ ಗೊತ್ತಿಲ್ಲದವರ ಕಣ್ಣಿಗೆ ಅಲ್ಲಿ ಆಗಿದ್ದೇನು? ಒಬ್ಬ ಎಸೆದ, ಇನ್ನೊಬ್ಬನಿಗೆ ಸಿಗಲಿಲ್ಲ, ಒಂದು ಕೋಲು ಬಿತ್ತು. ಮಿಕ್ಕಿದ್ದೆಲ್ಲ ನೋಡುವವರು ತಮ್ಮ ಜೊತೆಗೆ ತಂದದ್ದು. ಪಾಕಿಸ್ತಾನದ ಜೊತೆಗಿನ ಹಳೇ ಲೆಕ್ಕ, ಕೈಜಾರುತ್ತಿದೆ ಅನ್ನುವ ಭಯ, ಆ ಬ್ಯಾಟ್ ತೋರಿಸಿದ ಅವಮಾನ, ಬೌಲರ್ ನಮ್ಮ ಬೆಂಗಳೂರಿನ ಹುಡುಗ ಅನ್ನುವುದು. ಇಷ್ಟೂ ತಲೆಯಲ್ಲಿ ಇದ್ದಾಗಷ್ಟೇ ಆ ಒಂದು ಚೆಂಡಿಗೆ ಬೆಲೆ. ನಿಮಗೆ ಆಕಳಿಕೆ ಬರುವುದು ಸಹಜ, ಯಾಕೆಂದರೆ ನೀವು ಅಲ್ಲಿ ನಿಜವಾಗಿ ಇರುವುದನ್ನು ಮಾತ್ರ ನೋಡುತ್ತಿದ್ದೀರಿ!

ಮನರಂಜನೆಯ ಮನಶ್ಶಾಸ್ತ್ರದಲ್ಲಿ ದೊಡ್ಡ ಹೆಸರಾದ ಡಾಲ್ಫ್ ಜಿಲ್ಮನ್ ಇದನ್ನೇ ಹೇಳುತ್ತಿದ್ದರು. ಮುಂದೇನಾಗುತ್ತದೋ ಅನ್ನುವ ತುದಿಗಾಲಿನ ಸ್ಥಿತಿ ಸುಮ್ನೆ ಹುಟ್ಟುವುದಿಲ್ಲ. ಯಾರಾದರೂ ಒಬ್ಬರು ಗೆಲ್ಲಲಿ ಅಂತ ಮನಸ್ಸು ಮೊದಲೇ ಒಲಿದಿರಬೇಕು. ಒಂದು ಪಕ್ಷ ಹಿಡಿಯದೆ ಆತಂಕವಿಲ್ಲ, ಆತಂಕವಿಲ್ಲದೆ ಗೆದ್ದಾಗ ಬರುವ ಆ ನಿರಾಳವೂ ಇಲ್ಲ.

ಇದನ್ನು ಮೈಮೇಲೆ ಅಳೆದೇ ತೋರಿಸಿದ ಒಂದು ಅಧ್ಯಯನವಿದೆ. ಕ್ರೀಡೆಯದ್ದಲ್ಲ, ಆದರೆ ನಮ್ಮವರಿಗೆ ಚೆನ್ನಾಗಿ ಅರ್ಥವಾಗುವಂಥದ್ದು. ನಮ್ಮಲ್ಲಿ ವೀರಭದ್ರನ ಜಾತ್ರೆಗಳಲ್ಲಿ ಕೆಂಡ ಹಾಯುತ್ತಾರಲ್ಲ, ಹಾಗೇ ಸ್ಪೇನ್ ದೇಶದ ಸಾನ್ ಪೆದ್ರೊ ಮಾನ್ರಿಕೆ ಎಂಬ ಹಳ್ಳಿಯಲ್ಲೂ ಜೂನ್ ತಿಂಗಳಲ್ಲಿ ಹಾಯುತ್ತಾರೆ. ಅಲ್ಲಿ ಕೆಂಡ ಹಾಯುವವರಿಗೂ ನೋಡುವವರಿಗೂ ಎದೆಬಡಿತ ಅಳೆಯುವ ಉಪಕರಣ ಕಟ್ಟಿದರು. ಫಲಿತಾಂಶ 2011ರಲ್ಲಿ ಪ್ರಕಟವಾಯಿತು. ಹಾಯುವವರ ಎದೆಬಡಿತ ಏರಿಳಿಯುವ ರೀತಿಯಲ್ಲೇ ಅವರ ನೆಂಟರು, ಗೆಳೆಯರ ಎದೆಬಡಿತವೂ ಏರಿಳಿಯುತ್ತಿತ್ತು. ಆ ನೆಂಟರು ಕಾಲಿಟ್ಟಿದ್ದು ಮಾತ್ರ ತಣ್ಣನೆಯ ನೆಲದ ಮೇಲೆ. ಪರವೂರಿಂದ ಬಂದು ನಿಂತ ಅಪರಿಚಿತರಿಗೆ ಹಾಗೇನೂ ಆಗಲಿಲ್ಲ. ಅದೇ ಕೆಂಡ, ಅದೇ ರಾತ್ರಿ, ಅದೇ ಜನಜಂಗುಳಿ. ನಿಮ್ಮ ಹಾಲ್‌ನಲ್ಲಿ ಆಗುತ್ತಿರುವುದೂ ಇದೇ. ಮಗ ಅಲ್ಲಿ ನೆಂಟ, ನೀವು ಪರವೂರಿನವರು.

ಹಾಗಾದರೆ ಈ ನೆಂಟಸ್ತಿಕೆ ಬರುವುದು ಎಲ್ಲಿಂದ? ಹೆಚ್ಚಿನವರು ತಂಡವನ್ನು ಆರಿಸಿಕೊಳ್ಳುವುದೇ ಇಲ್ಲ. ಅಪ್ಪ ನೋಡುತ್ತಿದ್ದರು, ಪಕ್ಕದಲ್ಲಿ ಕೂತೆ, ಅಂಟಿಕೊಂಡಿತು. ಇಲ್ಲವೇ ಶಾಲೆಯಲ್ಲಿ ಎಲ್ಲರೂ ಅದನ್ನೇ ಮಾತಾಡುತ್ತಿದ್ದರು. ಊರಿನ ಹೆಸರು ಒಂದು ನೆಪ. 2025ರ ಫೈನಲ್ ಆಡಿದ ಆರ್‌ಸಿಬಿ ಹನ್ನೊಂದರಲ್ಲಿ ಕನ್ನಡದ ಹುಡುಗ ಮಯಾಂಕ್ ಅಗರ್‌ವಾಲ್ ಒಬ್ಬರೇ. ತಂಡದ ಮುಖವಾಗಿರುವ ವಿರಾಟ್ ಕೊಹ್ಲಿ ದೆಹಲಿಯವರು. ಆದರೂ ಆ ರಾತ್ರಿ ದಾವಣಗೆರೆ, ಕಲಬುರಗಿ, ಕಾರವಾರ ಎಲ್ಲ ಕಡೆ ಗೆದ್ದದ್ದು ನಮ್ಮವರೇ.

ಅಮೆರಿಕದ ರಾಬರ್ಟ್ ಚಾಲ್ಡೀನಿ ಮತ್ತು ಸಂಗಡಿಗರು 1976ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ನೆನಪಾಗುತ್ತದೆ. ಕಾಲೇಜಿನ ಫುಟ್‌ಬಾಲ್ ತಂಡ ಗೆದ್ದರೆ ಮುಂದಿನ ಸೋಮವಾರ ಕಾಲೇಜಿನ ಹೆಸರಿರುವ ಬಟ್ಟೆ ಹಾಕಿಕೊಂಡು ಬರುವವರು ಜಾಸ್ತಿಯಾಗುತ್ತಿದ್ದರು. ಫೋನ್ ಮಾಡಿ ಮ್ಯಾಚ್ ಬಗ್ಗೆ ಕೇಳಿದರೆ, ಗೆದ್ದದ್ದನ್ನು ಹೇಳುವಾಗ "ನಾವು", ಸೋತದ್ದನ್ನು ಹೇಳುವಾಗ "ಅವರು". ನಿಮ್ಮ ಮಗನ ಬಾಯಲ್ಲೂ ಇದನ್ನು ಕೇಳಿರುತ್ತೀರಿ. ಗೆದ್ದರೆ "ಗೆದ್ವಿ", ಸೋತರೆ "ಥೂ, ಸೋತ್ರು". ತಾನು ಬೆವರು ಸುರಿಸದೆ ಸಿಗುವ ಹೆಮ್ಮೆ ಅದು. ಬಿಟ್ಟಿ ಅಂತ ನಗಬೇಡಿ. ಪಕ್ಕದ ಮನೆ ಹುಡುಗಿಗೆ ರ‍್ಯಾಂಕ್ ಬಂದರೆ "ನಮ್ಮ ಬೀದಿ ಹುಡುಗಿ" ಅನ್ನುತ್ತೇವಲ್ಲ, ನಾವೆಲ್ಲ ಇದನ್ನು ಮಾಡುವವರೇ.

ಪಕ್ಷ ಹಿಡಿದ ಮೇಲೆ ಕಣ್ಣೂ ಪಕ್ಷ ಹಿಡಿಯುತ್ತದೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್, ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಮ್ಯಾಚ್ ನಡೆಯಿತು. ಒಬ್ಬನ ಮೂಗು ಮುರಿಯಿತು, ಇನ್ನೊಬ್ಬನ ಕಾಲು ಮುರಿಯಿತು. ಆಮೇಲೆ ಒಂದೇ ಫಿಲ್ಮನ್ನು ಎರಡೂ ಕಾಲೇಜಿನ ಹುಡುಗರಿಗೆ ತೋರಿಸಿ ಫೌಲ್ ಎಣಿಸಲು ಹೇಳಿದರು. ಡಾರ್ಟ್‌ಮತ್ ತಂಡದ ತಪ್ಪುಗಳು ಅದರ ಹುಡುಗರಿಗೆ ಕಂಡದ್ದಕ್ಕಿಂತ ಎರಡು ಪಟ್ಟು ಹೆಚ್ಚಾಗಿ ಪ್ರಿನ್ಸ್‌ಟನ್ ಹುಡುಗರಿಗೆ ಕಂಡವು. ಎಲ್‌ಬಿಡಬ್ಲ್ಯೂ ಕೊಟ್ಟಾಗ ನಿಮ್ಮ ಮನೆಯಲ್ಲಿ ಅಂಪೈರ್‌ಗೆ ಬೀಳುವ ಬೈಗುಳವೂ ಇದೇ ಜಾತಿಯದು. ಸುಳ್ಳು ಹೇಳುತ್ತಿದ್ದಾರೆ ಅಂದುಕೊಳ್ಳಬೇಡಿ, ಅವರಿಗೆ ಹಾಗೇ ಕಾಣುತ್ತದೆ.

ನೆಂಟಸ್ತಿಕೆ ಅಂದೆನಲ್ಲ, ಕೊಡಗಿನಲ್ಲಿ ಅದು ನಿಜವಾಗಿಯೂ ನೆಂಟಸ್ತಿಕೆಯೇ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕರಡದಲ್ಲಿ ಶುರು ಮಾಡಿದ ಕೊಡವ ಕೌಟುಂಬಿಕ ಹಾಕಿಯಲ್ಲಿ ತಂಡ ಅಂದರೆ ಒಂದು ಒಕ್ಕ, ಅಂದರೆ ಒಂದೇ ಮನೆತನದ ಹೆಸರಿನವರು. ಪ್ರತಿ ವರ್ಷ ಒಂದೊಂದು ಒಕ್ಕ ಅದನ್ನು ನಡೆಸಿಕೊಡುತ್ತದೆ. 2024ರಲ್ಲಿ ನಾಪೋಕ್ಲುವಿನಲ್ಲಿ ಕುಂಡ್ಯೋಳಂಡ ಒಕ್ಕದವರು ನಡೆಸಿದಾಗ 360 ಒಕ್ಕಗಳು ಆಡಿದವು. ಮೈದಾನದಲ್ಲಿ ದೊಡ್ಡಪ್ಪ ಇರುತ್ತಾರೆ, ತಮ್ಮನ ಮಗ ಇರುತ್ತಾನೆ, ಕೆಲವು ತಂಡಗಳಲ್ಲಿ ಹೆಣ್ಣುಮಕ್ಕಳೂ ಇರುತ್ತಾರೆ. ಇಲ್ಲಿ ನೋಡುವವರಿಗೆ ಪೆನಾಲ್ಟಿ ಕಾರ್ನರು ಅಂದರೇನು ಅಂತ ಗೊತ್ತಿರಲೇಬೇಕು ಅಂತಿಲ್ಲ. ಅಣ್ಣನ ಮಗ ಓಡುತ್ತಿದ್ದಾನೆ, ಸಾಕು. "ನನಗೆ ಆಟ ನೋಡುವುದೇ ಆಗಲ್ಲ" ಅನ್ನುವ ಎಷ್ಟೋ ಜನರನ್ನು ಮಕ್ಕಳ ಶಾಲೆಯ ಸ್ಪೋರ್ಟ್ಸ್ ಡೇಯಲ್ಲಿ ನೋಡಿ. ಗಂಟಲು ಹರಿಯುವಂತೆ ಕೂಗುತ್ತಿರುತ್ತಾರೆ.

ಇನ್ನು ಸೋಲಿನ ವಿಷಯ. ನಿಜ ಹೇಳಬೇಕೆಂದರೆ ಇದು ಮನಸ್ಸನ್ನು ಅಧ್ಯಯನ ಮಾಡುವ ನಮ್ಮಂಥವರಿಗೂ ಒಂದು ಒಗಟು. ಬ್ರಿಟನ್ನಿನ ಇಬ್ಬರು ಅರ್ಥಶಾಸ್ತ್ರಜ್ಞರು, ಪೀಟರ್ ಡಾಲ್ಟನ್ ಮತ್ತು ಜಾರ್ಜ್ ಮೆಕೆರಾನ್, ಮೊಬೈಲ್ ಆ್ಯಪ್ ಮೂಲಕ ಜನರ ಆ ಕ್ಷಣದ ಮನಸ್ಥಿತಿ ಕೇಳಿ ಕಲೆಹಾಕಿದ ಮಾಹಿತಿಯನ್ನು ಫುಟ್‌ಬಾಲ್ ಫಲಿತಾಂಶಗಳ ಜೊತೆ ಇಟ್ಟು ನೋಡಿದರು. ಗೆದ್ದಾಗ ಅಭಿಮಾನಿಗೆ ಆಗುವ ಖುಷಿಗಿಂತ ಸೋತಾಗ ಆಗುವ ಬೇಜಾರು ಸುಮಾರು ಎರಡು ಪಟ್ಟು. ಲೆಕ್ಕ ಹಾಕಿದರೆ ಅಭಿಮಾನಿಯಾಗುವುದೇ ನಷ್ಟದ ವ್ಯಾಪಾರ. ಹಾಗಿದ್ದರೂ ಜನ ಯಾಕೆ ಬಿಡುವುದಿಲ್ಲ?

ಆರ್‌ಸಿಬಿಯನ್ನೇ ನೋಡಿ. 2009ರ ಫೈನಲ್‌ನಲ್ಲಿ 6 ರನ್ನಿನಿಂದ ಸೋಲು. 2011ರಲ್ಲಿ ಚೆನ್ನೈ ಎದುರು ಸೋಲು. 2016ರದ್ದು ಎಲ್ಲಕ್ಕಿಂತ ಕಹಿ. ಸ್ವಂತ ಮೈದಾನ, 209 ರನ್ ಗುರಿ, ಗೇಲ್ ಮತ್ತು ಕೊಹ್ಲಿ ಹತ್ತೂವರೆ ಓವರ್‌ಗೆ 114 ರನ್ ಸೇರಿಸಿ ಕೂತಿದ್ದಾರೆ, ಒಂದು ವಿಕೆಟ್ಟೂ ಬಿದ್ದಿಲ್ಲ. ಅಲ್ಲಿಂದ ಜಾರಿ ಜಾರಿ 8 ರನ್ನಿಗೆ ಕಪ್ ಕೈತಪ್ಪಿತು. ಕಪ್ ಬಂದದ್ದು 2025ರ ಜೂನ್ 3ರಂದು, ಅಹಮದಾಬಾದ್‌ನಲ್ಲಿ, ಪಂಜಾಬ್ ಎದುರು 6 ರನ್ನಿನಿಂದ, ಹದಿನೆಂಟನೇ ಸೀಸನ್ನಿನಲ್ಲಿ. ಇಷ್ಟು ವರ್ಷ ಜನ ಏನು ತಿಂದು ಬದುಕಿದರು? ನನ್ನ ಉತ್ತರ ಕೇಳಿದರೆ, ಜೊತೆ. "ಈ ಸಲ ಕಪ್ ನಮ್ದೆ" ಅನ್ನುವ ಕೂಗನ್ನು ಬೇರೆಯವರು ಅಣಕಿಸಿದರು. ಆಮೇಲೆ ನಮ್ಮವರೇ ಅದನ್ನು ತಮ್ಮ ಮೇಲೆ ತಾವೇ ಮಾಡಿಕೊಳ್ಳುವ ಜೋಕ್ ಮಾಡಿಕೊಂಡರು. ಒಟ್ಟಿಗೆ ಸೋತು, ಒಟ್ಟಿಗೆ ನಕ್ಕವರ ನಡುವೆ ಹುಟ್ಟುವ ಸಲಿಗೆ ಬೇಗ ಹೋಗುವುದಿಲ್ಲ. ಬಸ್‌ನಲ್ಲಿ ಪಕ್ಕದ ಸೀಟಿನವರ ಹತ್ತಿರ "ನಿನ್ನೆ ಏನ್ರೀ ಹಂಗಾಡಿದ್ರು" ಅಂದರೆ ಅರ್ಧ ಗಂಟೆ ಮಾತು ತಾನಾಗೇ ಬರುತ್ತದೆ, ಅವರ ಹೆಸರೂ ಗೊತ್ತಿರುವುದಿಲ್ಲ. ಕ್ರೀಡಾಭಿಮಾನವನ್ನೇ ಬದುಕಿಡೀ ಅಧ್ಯಯನ ಮಾಡಿದ ಡೇನಿಯಲ್ ವಾನ್ ಕೂಡ ಇದನ್ನೇ ಕಂಡರು. ತಮ್ಮೂರಿನ ತಂಡವನ್ನು ಹಚ್ಚಿಕೊಂಡವರಲ್ಲಿ ಒಂಟಿತನ ಸ್ವಲ್ಪ ಕಡಿಮೆ. ಆಟ ನೋಡಿದ್ದರಿಂದಲೇ ಹೀಗಾಯಿತು ಅಂತ ಖಡಾಖಂಡಿತವಾಗಿ ಹೇಳಲಾಗದು, ಆದರೆ ಎರಡೂ ಒಟ್ಟಿಗೆ ಕಾಣುತ್ತವೆ.

ಜನ ಆಟ ನೋಡುವುದಕ್ಕೆ ಇದೇ ವಾನ್ 1995ರಲ್ಲಿ ಎಂಟು ಕಾರಣ ಪಟ್ಟಿ ಮಾಡಿದ್ದರು. ಹಿತವಾದ ಉದ್ವೇಗ, ಹೆಮ್ಮೆ, ದಿನದ ಜಂಜಾಟ ಮರೆಯುವುದು, ಮನರಂಜನೆ, ಆಟದ ಸೊಗಸು, ಗುಂಪು, ಮನೆಮಂದಿಯ ಜೊತೆ, ಮತ್ತು ದುಡ್ಡು. ಕೊನೆಯದು ಬಾಜಿ. ಪಕ್ಷ ಹಿಡಿಯಲು ಮನಸ್ಸಿಲ್ಲದವನಿಗೂ ಐನೂರು ರೂಪಾಯಿ ಕಟ್ಟಿದ ಕೂಡಲೇ ಪ್ರತಿ ಚೆಂಡೂ ಮುಖ್ಯವಾಗಿಬಿಡುತ್ತದೆ. ಅದು ಬೇಗ ಚಟವಾಗುತ್ತದೆ. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನಿಗೆ 2025ರ ಆಗಸ್ಟ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿದೆ. ಮಗನ ಫೋನಿನ ಮೇಲೆ ಒಂದು ಕಣ್ಣಿಟ್ಟಿರಿ.

ಈಗ ನಿಮ್ಮ ವಿಷಯಕ್ಕೆ ಬರೋಣ. ನಿಮಗೆ ರುಚಿ ಹತ್ತದಿರುವುದಕ್ಕೆ ಸ್ವಭಾವವೊಂದೇ ಕಾರಣ ಅಂತ ನನಗೆ ಅನ್ನಿಸುವುದಿಲ್ಲ. ಒಂದು ಪ್ರಶ್ನೆ ಕೇಳುತ್ತೇನೆ. ಟಾಸ್‌ನಿಂದ ಕೊನೇ ಚೆಂಡಿನವರೆಗೆ ಒಂದೇ ಒಂದು ಮ್ಯಾಚನ್ನು ನೀವು ಕೂತಲ್ಲಿಂದ ಏಳದೆ ನೋಡಿದ್ದೀರಾ? ಮ್ಯಾಚ್ ದಿನ ನಿಮ್ಮೂರಿನ ಮನೆಗಳಲ್ಲಿ ಮಂಡಕ್ಕಿ ಮಿರ್ಚಿ ಆಗಲೇಬೇಕು. ಮಿರ್ಚಿ ಕರಿಯುವವರು ಯಾರು? ಪವರ್‌ಪ್ಲೇ ಹೊತ್ತಿಗೆ ಒಗ್ಗರಣೆ, ನಡುವೆ ಟೀ, ಹನ್ನೆರಡನೇ ಓವರ್‌ಗೆ ಚಪಾತಿ. ಆಟದ ಬಿಗಿ ಒಂದೊಂದೇ ಓವರ್ ಸೇರಿ ಕಟ್ಟುವಂಥದ್ದು. ಹತ್ತು ನಿಮಿಷಕ್ಕೊಮ್ಮೆ ಬಾಗಿಲಲ್ಲಿ ನಿಂತು "ಎಷ್ಟಾಯ್ತು?" ಅಂತ ಕೇಳಿ ಹೋಗುವವರಿಗೆ ಅದು ಕಟ್ಟುವುದೇ ಇಲ್ಲ. ಹೆಂಗಸರಿಗೆ ಕ್ರಿಕೆಟ್ ಹಿಡಿಸಲ್ಲ ಅನ್ನುವ ಮಾತು ಕೇಳಿದಾಗಲೆಲ್ಲ ನನಗೆ ಮೊದಲು ಅಡುಗೆಮನೆಯೇ ಕಣ್ಣ ಮುಂದೆ ಬರುತ್ತದೆ.

ಜೊತೆಗೆ, ಗೊತ್ತಿಲ್ಲದ್ದನ್ನು ಕೇಳಿದಾಗ "ಸುಮ್ನಿರು, ಮ್ಯಾಚ್ ನೋಡ್ತಿದೀವಿ" ಅನ್ನಿಸಿಕೊಂಡವರು ಎರಡನೇ ಸಲ ಕೇಳುವುದಿಲ್ಲ. ಶಾಲೆಯಲ್ಲಿ ಪಿಟಿ ಪೀರಿಯಡ್ ಬಂದರೆ ಹುಡುಗರಿಗೆ ಬ್ಯಾಟು, ಹುಡುಗಿಯರಿಗೆ ಮರದ ನೆರಳು. ಕೈಯಲ್ಲಿ ಹಿಡಿಯದ ಬ್ಯಾಟು ಟಿವಿಯಲ್ಲಿ ಏನು ಮಾಡುತ್ತಿದೆ ಅಂತ ಮೈಗೆ ತಿಳಿಯುವುದು ಕಷ್ಟ.

ಮನೆಯವರ ಸಿಟ್ಟಿಗೆ ಹೆದರಿ ಆಟದಿಂದ ದೂರ ಇರುವವರೂ ಇದ್ದಾರೆ. ಡೇವಿಡ್ ಕಾರ್ಡ್, ಗಾರ್ಡನ್ ಡಾಲ್ ಎಂಬ ಅರ್ಥಶಾಸ್ತ್ರಜ್ಞರು 2011ರಲ್ಲಿ ಅಮೆರಿಕದ ಪೊಲೀಸ್ ದಾಖಲೆಗಳನ್ನು ಜಾಲಾಡಿ ಒಂದು ವಿಷಯ ತೋರಿಸಿದರು. ಗೆದ್ದೇ ಗೆಲ್ಲುತ್ತದೆ ಅಂದುಕೊಂಡಿದ್ದ ಊರಿನ ಫುಟ್‌ಬಾಲ್ ತಂಡ ಸೋತ ದಿನ, ಗಂಡಸರು ಮನೆಯಲ್ಲಿ ಹೆಂಡತಿ ಅಥವಾ ಸಂಗಾತಿಯ ಮೇಲೆ ಕೈಮಾಡಿದ ಪ್ರಕರಣಗಳು ಶೇಕಡಾ 10ರಷ್ಟು ಹೆಚ್ಚಿದ್ದವು. ನಿಮ್ಮ ಮನೆಯಲ್ಲಿ ಬರೀ ಊಟ ಸೇರುವುದಿಲ್ಲ ಅಂದಿದ್ದೀರಿ, ಅದು ಬೇರೆ. ಊಟ ಬಿಟ್ಟರೆ ಬಿಡಲಿ, ತಟ್ಟೆ ಎಸೆಯುವ ಮಟ್ಟಕ್ಕೆ ಹೋದರೆ ಮಾತ್ರ ಅದನ್ನು "ಅಭಿಮಾನ" ಅಂತ ಒಪ್ಪಿಕೊಳ್ಳಬೇಡಿ.

ಇನ್ನು ಕೆಲವರು ಯೋಚಿಸಿಯೇ ದೂರ ಸರಿದವರು. ಬಾಜಿ, ದುಡ್ಡಿನ ಅಬ್ಬರ ಬೇಡವಾಗಿ ಬಿಟ್ಟವರಿದ್ದಾರೆ. 2025ರ ಜೂನ್ 4ರಂದು ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ವಿಜಯೋತ್ಸವದ ನೂಕುನುಗ್ಗಲಿನಲ್ಲಿ 11 ಜನ ಸತ್ತ ಮೇಲೆ ಮನಸ್ಸು ಮುರಿದುಕೊಂಡವರೂ ಇದ್ದಾರೆ. ಅವರಿಗೆ ಯಾವ ಸಮಾಧಾನವನ್ನೂ ನಾನು ಹೇಳಲಾರೆ.

ನಿಮಗೆ ನೋಡುವ ಆಸೆ ಸ್ವಲ್ಪವಾದರೂ ಇದ್ದರೆ ನಿಯಮ ಕಲಿಯಲು ಹೋಗಬೇಡಿ. ಒಬ್ಬ ಆಟಗಾರನನ್ನೋ ಆಟಗಾರ್ತಿಯನ್ನೋ ಹಿಡಿದುಕೊಳ್ಳಿ. ಊರು, ಮನೆ, ಎಷ್ಟು ಕಷ್ಟಪಟ್ಟು ಬಂದರು ಅನ್ನುವುದನ್ನು ಮಗನ ಬಾಯಲ್ಲಿ ಕೇಳಿ. ಆ ಒಬ್ಬರು ಆಡುವಷ್ಟು ಹೊತ್ತು ಮಾತ್ರ ನೋಡಿ. "ಇದಕ್ಕೇನು ಅಂತಾರೆ?" ಅನ್ನುವ ಬದಲು "ಈಗ ಯಾಕೆ ಇಷ್ಟು ಟೆನ್ಶನ್ ಆಗಿದೀಯ?" ಅಂತ ಕೇಳಿ. ಆ ಪ್ರಶ್ನೆಗೆ ಹುಡುಗರು ಉತ್ಸಾಹದಿಂದ ಉತ್ತರ ಕೊಡುತ್ತಾರೆ. ಕನ್ನಡ ಕಾಮೆಂಟರಿ ಹಾಕಿಸಿಕೊಳ್ಳಿ. 1977ರಲ್ಲೇ ಒಂದು ಪ್ರಯೋಗ ನಡೆದಿತ್ತು. ಐಸ್ ಹಾಕಿಯ ಸಾಧಾರಣ ಆಟಕ್ಕೆ "ಎಂಥಾ ಒರಟು ಆಟ!" ಅನ್ನುವ ಧಾಟಿಯ ಕಾಮೆಂಟರಿ ಸೇರಿಸಿ ತೋರಿಸಿದಾಗ, ನಿಜವಾಗಿಯೂ ಒರಟಾಗಿದ್ದ ಆಟಕ್ಕಿಂತ ಅದೇ ಒರಟು ಅಂತ ಜನರಿಗೆ ಅನ್ನಿಸಿತು. ಮಾತಿಗೆ ಅಷ್ಟು ಶಕ್ತಿಯಿದೆ. ಅಥವಾ ಕ್ರಿಕೆಟ್ಟೇ ಬೇಡ. ನಿಮ್ಮೂರಿನ ದುಗ್ಗಮ್ಮನ ಜಾತ್ರೆಯಲ್ಲಿ ಕುಸ್ತಿ ನಡೆಯುತ್ತದಲ್ಲ, ಅಖಾಡದ ಹತ್ತಿರ ಒಮ್ಮೆ ನಿಂತು ನೋಡಿ. ಎರಡು ಜೋಡಿ ಮುಗಿಯುವುದರೊಳಗೆ ಯಾರೋ ಒಬ್ಬ ಪೈಲ್ವಾನನ ಪರವಾಗಿ ನಿಮ್ಮ ಕೈ ಬಿಗಿಯಾಗಿದ್ದರೆ ಆಶ್ಚರ್ಯವಿಲ್ಲ. ಏನೂ ಅನ್ನಿಸದಿದ್ದರೆ ಬಿಟ್ಟುಬಿಡಿ, ಸಂಗೀತ ಹಿಡಿಸದವರು ಇಲ್ಲವಾ?

ಕೊನೆಗೆ ನಿಮ್ಮ ಮಾವನವರು. ಅವರು ಹೊರಗೆ ಹೋಗಿ ಏನು ಮಾಡುತ್ತಾರೆ ಅಂತ ಗಮನಿಸಿದ್ದೀರಾ? ಅಂಗಳದಲ್ಲಿ ಓಡಾಡುತ್ತಾ ಅಕ್ಕಪಕ್ಕದ ಮನೆಗಳ ಸದ್ದಿಗೆ ಕಿವಿ ಕೊಟ್ಟಿರುತ್ತಾರೆ. ಕೂಗು ಎದ್ದರೆ ಬೌಂಡರಿ, ಬೀದಿ ಪೂರ್ತಿ ಮೌನವಾದರೆ ವಿಕೆಟ್. ಆಟ ಬಿಟ್ಟಿಲ್ಲ, ಆಟದ ಹೊಡೆತ ಮುಖಕ್ಕೆ ಬೀಳದ ಹಾಗೆ ಒಂದು ಗೋಡೆ ಅಡ್ಡ ಇಟ್ಟುಕೊಂಡಿದ್ದಾರೆ. "ನಾನು ನೋಡಿದ್ರೆ ವಿಕೆಟ್ ಬೀಳುತ್ತೆ" ಅಂತಲೂ ಅಂದಿರಬಹುದು. ಈ ನಂಬಿಕೆ ನಗುವಂಥದ್ದೇ, ಆದರೆ ಉಪಯೋಗಕ್ಕೆ ಬರುವಂಥದ್ದು. ಏನೂ ಮಾಡಲಾಗದೆ ಕೂರುವುದಕ್ಕಿಂತ, ನಾನು ಎದ್ದು ಹೋಗಿ ತಂಡಕ್ಕೆ ಉಪಕಾರ ಮಾಡಿದೆ ಅಂದುಕೊಳ್ಳುವುದು ಮನಸ್ಸಿಗೆ ಹಗುರ.

ಅವರ ಈ ಅಭ್ಯಾಸ ಮೈಗೂ ಒಳ್ಳೆಯದಿರಬಹುದು. 2006ರ ಫುಟ್‌ಬಾಲ್ ವಿಶ್ವಕಪ್ ಜರ್ಮನಿಯಲ್ಲಿ ನಡೆದಾಗ ಮ್ಯೂನಿಕ್ ಸುತ್ತಮುತ್ತಲಿನ ಹೃದಯದ ತುರ್ತು ಪ್ರಕರಣಗಳನ್ನು ವೈದ್ಯರು ಲೆಕ್ಕ ಹಾಕಿದರು. ಜರ್ಮನಿ ಆಡಿದ ದಿನಗಳಲ್ಲಿ ಅವು ಮಾಮೂಲಿಗಿಂತ 2.66 ಪಟ್ಟು ಇದ್ದವು. ಗಂಡಸರಲ್ಲಿ ಇನ್ನೂ ಜಾಸ್ತಿ. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಹೆಚ್ಚು. ಅರ್ಜೆಂಟೀನಾ ಎದುರು ಪೆನಾಲ್ಟಿ ಶೂಟೌಟ್‌ವರೆಗೆ ಹೋದ ಮ್ಯಾಚ್ ದಿನವೂ ಸಂಖ್ಯೆ ಏರಿತ್ತು, ಅದನ್ನು ಜರ್ಮನಿ ಗೆದ್ದಿತ್ತು. ಅಂದರೆ ಎದೆಗೆ ಭಾರವಾಗುವುದು ಸೋಲು ಮಾತ್ರ ಅಲ್ಲ, ಆ ಕಾಯುವಿಕೆಯೇ.

ಹಾಗಾಗಿ ಅವರನ್ನು ಒಳಗೆ ಕರೆಯಬೇಡಿ. "ಬನ್ನಿ ಅಜ್ಜ, ಕೊನೇ ಓವರ್" ಅಂತ ಮಗ ರೇಗಿಸಿದರೂ ತಡೆಯಿರಿ. ರಾತ್ರಿ ಮ್ಯಾಚ್ ಇದ್ದ ದಿನ ಬಿಪಿ ಮಾತ್ರೆ ಮರೆತುಹೋಗುವುದು ಸುಲಭ, ಟಾಸ್ ಆಗುವ ಮೊದಲೇ ನೆನಪಿಸಿ. ಉಪ್ಪು ಜಾಸ್ತಿ ಇರುವ ಕುರುಕಲು ಅವರ ತಟ್ಟೆಗೆ ಕಡಿಮೆ ಹಾಕಿ. ಮುಂದಿನ ಸಲ ಡಾಕ್ಟರ ಹತ್ತಿರ ಹೋದಾಗ ಮ್ಯಾಚ್ ಹೊತ್ತಿನಲ್ಲಿ ಹೀಗಾಗುತ್ತದೆ ಅಂತ ಸಂಕೋಚವಿಲ್ಲದೆ ಹೇಳಿ. ಹೊರಗೆ ಓಡಾಡುವಾಗ ಎದೆ ಬಿಗಿಹಿಡಿದ ಹಾಗೆ, ಎಡತೋಳು ಅಥವಾ ದವಡೆ ಎಳೆದ ಹಾಗೆ, ತಣ್ಣನೆ ಬೆವರು ಬಂದ ಹಾಗೆ ಆದರೆ ಟೆನ್ಶನ್ ಇರಬೇಕು, ಮ್ಯಾಚ್ ಮುಗೀಲಿ ಅಂತ ಕಾಯಬೇಡಿ. ಎಷ್ಟೇ ರನ್ ಬಾಕಿ ಇರಲಿ, ಆಗಲೇ 108ಕ್ಕೆ ಫೋನ್ ಮಾಡಿ.